ಯಾರ ಹೊಟ್ಟೆಯೊಳಗೆ ನೋಡಿದ್ದೇವೆ

— ಮೇಷ್ಟ್ರೇ, ಎರಡು ಲೆಕ್ಕ ನಿಮ್ಮ ಮುಂದಿಡುತ್ತೇನೆ. ಮೊದಲನೆಯದು 1999ರಲ್ಲಿ ಬಂದ ಆಸ್ಟ್ರೇಲಿಯಾದ ಅವಳಿ ಸೋದರಿಯರ ಅಧ್ಯಯನ. ಎಂಡೊಮೆಟ್ರಿಯೋಸಿಸ್ ಒಬ್ಬಳಿಗೆ ಬಂದು ಇನ್ನೊಬ್ಬಳಿಗೆ ಬಾರದಿರುವುದರಲ್ಲಿ ಸುಮಾರು ಶೇ 51ರಷ್ಟು ಪಾಲು ಆನುವಂಶಿಕ ಎಂದು ಅದು ಹೇಳಿತು. 2015ರಲ್ಲಿ ಸ್ವೀಡನ್ನಿನ ಅವಳಿಗಳಲ್ಲೂ ಶೇ 47 ಬಂತು. ಎರಡನೆಯದು 2019ರ ಒಂದು ವಿಶ್ಲೇಷಣೆ. ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಿಳಿಯ ಮಹಿಳೆಯರಿಗಿಂತ ಕಪ್ಪು ಮಹಿಳೆಯರಲ್ಲಿ ಈ ಕಾಯಿಲೆ ಪತ್ತೆಯಾಗುವ ಸಂಭವ ಸುಮಾರು ಅರ್ಧ, ಲ್ಯಾಟಿನ್ ಅಮೆರಿಕ ಮೂಲದವರಲ್ಲೂ ಅರ್ಧ, ಏಷ್ಯಾ ಮೂಲದವರಲ್ಲಿ ಮಾತ್ರ 1.6 ಪಟ್ಟು. ಕಾಯಿಲೆ ಅರ್ಧ ಜೀನಿನದು, ಜನಾಂಗ ಬದಲಾದರೆ ಪ್ರಮಾಣವೂ ಬದಲು. ಹಾಗಾದರೆ ಕೆಲವು ಜನಾಂಗಗಳ ರಕ್ತದಲ್ಲೇ ಇದರ ಒಲವು ಹೆಚ್ಚು ಅಂತ ತಾನೇ ಅರ್ಥ? ನಾವು ಏಷ್ಯಾದವರು, ನಮ್ಮ ಹೆಣ್ಣುಮಕ್ಕಳ ಅಪಾಯ ಹುಟ್ಟಿನಿಂದಲೇ ಹೆಚ್ಚು ಎಂದು ನಾನು ಹೇಳಿದರೆ ತಪ್ಪೇನು?

— ನಮ್ಮ ಹೆಣ್ಣುಮಕ್ಕಳ ಬಗ್ಗೆ ಎಚ್ಚರ ಬೇಡವೆಂದು ನಾನು ಹೇಳಲಾರೆ ಡಾಕ್ಟ್ರೇ. ಆದರೆ ಈ ಎರಡು ಲೆಕ್ಕ ಸೇರಿಸಿದರೆ ನೀವು ಹೇಳಿದ ತೀರ್ಮಾನ ಹುಟ್ಟುವುದಿಲ್ಲ. ಶೇ 51 ಎನ್ನುವುದು ಆ ಅವಳಿಗಳ ಗುಂಪಿನೊಳಗಿನ ಮಾತು. ಹೆಚ್ಚುಕಡಿಮೆ ಒಂದೇ ಬಗೆಯ ಊಟ, ಆಸ್ಪತ್ರೆ, ದಿನಚರಿ ಇರುವವರ ನಡುವಿನ ವ್ಯತ್ಯಾಸದಲ್ಲಿ ಜೀನುಗಳ ಪಾಲೆಷ್ಟು ಎಂಬುದನ್ನಷ್ಟೇ ಅದು ಹೇಳುತ್ತದೆ. ಆ ಗುಂಪಿಗೂ ಬೇರೊಂದು ದೇಶದ ಬೇರೊಂದು ಗುಂಪಿಗೂ ಇರುವ ಅಂತರ ಯಾತರಿಂದ ಬಂತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಎತ್ತರವನ್ನೇ ನೋಡಿ. ಒಂದು ಸಮಾಜದೊಳಗೆ ಎತ್ತರದ ವ್ಯತ್ಯಾಸ ಬಹುಪಾಲು ಆನುವಂಶಿಕ. ಆದರೂ ಉತ್ತರ ಕೊರಿಯಾದವರು ದಕ್ಷಿಣ ಕೊರಿಯಾದವರಿಗಿಂತ ಗಿಡ್ಡರಾಗಿ ಬೆಳೆದದ್ದು ಹಸಿವಿನಿಂದ. ಇಬ್ಬರೂ ಒಂದೇ ಮೂಲದ ಜನ. ಇನ್ನು ನಿಮ್ಮ ಎರಡನೆಯ ಲೆಕ್ಕ. ಅದು ಕಾಯಿಲೆ ಎಷ್ಟು ಜನರಿಗಿದೆ ಎಂಬ ಎಣಿಕೆಯಲ್ಲ, ಎಷ್ಟು ಜನರಲ್ಲಿ ಸಿಕ್ಕಿದೆ ಎಂಬ ಎಣಿಕೆ. ಸಕ್ಕರೆ ಕಾಯಿಲೆಯಾದರೆ ಒಂದು ಹನಿ ರಕ್ತ ಸಾಕು. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದ ಮೇಲೋ, ಕರುಳಿನ ಮೇಲೋ, ಕಿಬ್ಬೊಟ್ಟೆಯ ಪೊರೆಯ ಮೇಲೋ ಬೆಳೆದಿದೆಯೇ ಎಂದು ಖಾತ್ರಿಯಾಗಬೇಕಾದರೆ ದಶಕಗಳ ಕಾಲ ಇದ್ದದ್ದು ಲ್ಯಾಪರೊಸ್ಕೋಪಿ ಒಂದೇ: ಅರಿವಳಿಕೆ, ಹೊಕ್ಕುಳ ಬಳಿ ಒಂದು ತೂತು, ಒಳಗೊಂದು ಕ್ಯಾಮೆರಾ, ನುರಿತ ಕಣ್ಣು, ಇಷ್ಟಕ್ಕೆ ಬೇಕಾದ ಹಣ. ಸ್ಕ್ಯಾನಿಂಗ್ ಮೇಲೂ ನಿರ್ಧಾರಕ್ಕೆ ಬರಬಹುದು ಎಂದು ಯುರೋಪಿನ ಮಾರ್ಗಸೂಚಿ ಒಪ್ಪಿದ್ದು 2022ರಲ್ಲಿ. ಅಲ್ಲಿಯವರೆಗಿನ ಅಂಕಿಅಂಶದಲ್ಲಿ ಕಾಯಿಲೆಯ ಜೊತೆಗೆ ಆಪರೇಷನ್ ಥಿಯೇಟರಿನವರೆಗೆ ತಲುಪಿದವರು ಯಾರು ಎಂಬುದೂ ಬೆರೆತು ಕೂತಿದೆ. ಸಿರಿವಂತ ದೇಶಗಳಲ್ಲೇ ಮೊದಲ ನೋವಿನಿಂದ ಕಾಯಿಲೆಗೆ ಹೆಸರು ಸಿಗುವವರೆಗೆ ಏಳರಿಂದ ಹತ್ತು ವರ್ಷ ಹಿಡಿಯುತ್ತದೆ. ಮುಟ್ಟಿನ ನೋವು ಸಹಜ, ಸಹಿಸಿಕೋ ಎಂದು ಮನೆಯಲ್ಲೂ ಆಸ್ಪತ್ರೆಯಲ್ಲೂ ಹೇಳಿಸಿಕೊಂಡೇ ಎಷ್ಟೋ ಮಂದಿಯ ಮುಟ್ಟು ನಿಲ್ಲುವ ಕಾಲ ಬಂದುಬಿಡುತ್ತದೆ. ಅವರ್ಯಾರೂ ಈ ಎಣಿಕೆಗೆ ಸಿಕ್ಕುವುದಿಲ್ಲ.

— ಬಡತನದಿಂದ ಎಣಿಕೆ ಕಡಿಮೆಯಾಗಬಹುದು, ಒಪ್ಪುತ್ತೇನೆ. ಆದರೆ ಈ ಒಂದೇ ಕಾರಣಕ್ಕೆ ಇಡೀ ವ್ಯತ್ಯಾಸವನ್ನು ತಳ್ಳಿಹಾಕುವುದು ಆತುರವಾಗುತ್ತದೆ. ಕಪ್ಪು ಮಹಿಳೆಯರಲ್ಲಿ ಕಾಯಿಲೆ ನಿಜವಾಗಿಯೂ ಕಡಿಮೆ ಇರಬಾರದೇಕೆ? ಏಷ್ಯಾದವರಲ್ಲಿ ಹೆಚ್ಚು ಸಿಕ್ಕಿದ್ದನ್ನು ಹೇಗೆ ವಿವರಿಸುತ್ತೀರಿ? ಪಾಶ್ಚಾತ್ಯ ದೇಶಗಳಲ್ಲಿ ಅವರಿಗೇನು ಬಿಳಿಯರಿಗಿಂತ ಹೆಚ್ಚಿನ ಉಪಚಾರ ಇದೆಯೇ?

— ಮೊದಲ ಪ್ರಶ್ನೆಗೆ ಚರಿತ್ರೆಯೇ ಒಂದು ಪರೀಕ್ಷೆ ನಡೆಸಿದೆ. 1930–40ರ ದಶಕಗಳಲ್ಲಿ ಬಾಸ್ಟನ್ನಿನ ಪ್ರಸಿದ್ಧ ಸ್ತ್ರೀರೋಗ ತಜ್ಞ ಜೋ ವಿನ್ಸೆಂಟ್ ಮೀಗ್ಸ್ ಇದನ್ನು ಉಳ್ಳವರ ಕಾಯಿಲೆಯೆಂದು ಬಣ್ಣಿಸಿದರು. ದುಡ್ಡು ಕೊಟ್ಟು ಖಾಸಗಿಯಾಗಿ ತೋರಿಸಿಕೊಳ್ಳುವವರಲ್ಲಿ ಇದು ಹೆಚ್ಚು ಕಾಣುತ್ತದೆ, ತಡವಾಗಿ ಮದುವೆಯಾಗಿ ತಡವಾಗಿ ಹೆರುವುದೇ ಇದಕ್ಕೆ ಕಾರಣ, ಬೇಗ ಮದುವೆಯಾಗಿ ಬೇಗ ಹೆರುವುದೇ ಪರಿಹಾರ ಎಂಬುದು ಅವರ ವಾದ. ಆ ವಾದ ಪಠ್ಯಪುಸ್ತಕಗಳಲ್ಲಿ ಬೆಳೆದು, ಎಂಡೊಮೆಟ್ರಿಯೋಸಿಸ್ ಎಂದರೆ ಓದಿದ, ನೌಕರಿ ಮಾಡುವ ಬಿಳಿಯ ಹೆಣ್ಣಿನ ಕಾಯಿಲೆ ಎಂಬ ಚಿತ್ರ ನಿಂತಿತು. ಅದರಿಂದ ಆದ ಪರಿಣಾಮ ನಿಜಕ್ಕೂ ಕ್ರೂರವಾದದ್ದು. ಅದೇ ನೋವು ಹೊತ್ತು ಬಂದ ಕಪ್ಪು ಮಹಿಳೆಗೆ ಕಿಬ್ಬೊಟ್ಟೆಯ ಸೋಂಕು ಎಂಬ ಹಣೆಪಟ್ಟಿ ಸಿಕ್ಕಿತು. ಆ ಸೋಂಕು ಬಹುಮಟ್ಟಿಗೆ ಲೈಂಗಿಕ ಸಂಪರ್ಕದಿಂದ ಬರುವಂಥದ್ದಾದ್ದರಿಂದ ಕಾಯಿಲೆಯ ಜೊತೆ ಅವಳ ನಡತೆಯ ಮೇಲೂ ಒಂದು ಆರೋಪ ಬಂದು ಬಿತ್ತು. 1976ರಲ್ಲಿ ಚಿಕಾಗೋದ ಕಪ್ಪು ವೈದ್ಯ ಡೊನಾಲ್ಡ್ ಚ್ಯಾಟ್ಮನ್ ತಮ್ಮ ರೋಗಿಗಳಾದ ಕಪ್ಪು ಮಹಿಳೆಯರ ಹೊಟ್ಟೆಯೊಳಗೆ ಲ್ಯಾಪರೊಸ್ಕೋಪ್ ಇಳಿಸಿ ನೋಡಿ ವರದಿ ಬರೆದರು: ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಎಂಡೊಮೆಟ್ರಿಯೋಸಿಸ್ ಇತ್ತು. ಅವರಲ್ಲಿ ಅನೇಕರು ಸೋಂಕೆಂದು ಹೇಳಿಸಿಕೊಂಡು ಬಂದವರು. 2015ರಲ್ಲಿ ನೈಜೀರಿಯಾದ ಇಬಾಡನ್‌ನಿಂದ ಬಂದ ವರದಿಯಲ್ಲಿ, ಲ್ಯಾಪರೊಸ್ಕೋಪಿಗೆ ಒಳಗಾದ ಮಹಿಳೆಯರ ಪೈಕಿ ಹತ್ತಿರಹತ್ತಿರ ಅರ್ಧದಷ್ಟು ಜನರಲ್ಲಿ ಈ ಕಾಯಿಲೆ ಸಿಕ್ಕಿತು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇಡೀ ನೈಜೀರಿಯಾಕ್ಕೆ ಅದನ್ನು ಹಚ್ಚಲಾಗದು. ಆದರೆ ಆಫ್ರಿಕಾ ಮೂಲದವರಿಗೆ ಇದು ಬರುವುದೇ ಅಪರೂಪ ಎಂಬ ನಂಬಿಕೆ ನಿಲ್ಲಲು ಅಲ್ಲಿ ಜಾಗ ಉಳಿಯುವುದಿಲ್ಲ. ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಕಠಿಣ. ಏಷ್ಯಾದವರ 1.6ರಲ್ಲಿ ಒಂದಿಷ್ಟು ನಿಜ ಇದ್ದೀತು, ಇಲ್ಲವೆಂದು ವಾದಿಸಲು ನನ್ನ ಬಳಿ ಆಧಾರವಿಲ್ಲ. ಆದರೆ ಆ 'ಏಷ್ಯಾ'ದಲ್ಲಿ ಯಾರಿದ್ದಾರೆ? ಜಪಾನಿನವರು, ಫಿಲಿಪ್ಪೀನ್ಸಿನವರು, ಚೀನಾದವರು, ಕೆಲವೆಡೆ ನಮ್ಮವರು, ಎಲ್ಲರೂ ಒಂದೇ ಕಾಲಮ್ಮಿನಲ್ಲಿ. ಮಕ್ಕಳಾಗದೆ ಬಂದವರನ್ನು ಎಣಿಸಿದ ಅಧ್ಯಯನಕ್ಕೂ ಬೇರೆ ಆಪರೇಷನ್ನಿಗೆ ಬಂದವರನ್ನು ಎಣಿಸಿದ ಅಧ್ಯಯನಕ್ಕೂ ಫಲಿತಾಂಶ ಹೊಂದುವುದಿಲ್ಲ. ಇಷ್ಟು ಕಲಸಿಹೋದ ಅಂಕಿಯಿಂದ ಜೀನಿನ ಬಗ್ಗೆ ಮಾತಾಡುವುದು ಬೇಡ. ಜೀನಿನ ಮಾತು ಬೇಕಿದ್ದರೆ ಜೀನುಗಳನ್ನೇ ನೋಡೋಣ.

— ಹಾಗೇ ಆಗಲಿ. ಅಲ್ಲೂ ನನ್ನ ಕಡೆಗೆ ಒಂದು ಗಟ್ಟಿ ಸಾಕ್ಷ್ಯವಿದೆ. ಇಡೀ ಜೀನೋಮನ್ನು ಜಾಲಾಡಿ ಈ ಕಾಯಿಲೆಯ ಸುಳಿವು ಮೊದಲು ಹಿಡಿದದ್ದು ಜಪಾನಿನವರು, 2010ರಲ್ಲಿ. 9ನೇ ಕ್ರೋಮೋಸೋಮಿನಲ್ಲಿ ಅವರಿಗೆ ಸಿಕ್ಕ ಡಿಎನ್‌ಎ ಭೇದ ಕಾಯಿಲೆಯ ಸಂಭವವನ್ನು ಸುಮಾರು 1.4 ಪಟ್ಟು ಏರಿಸುತ್ತದೆ. ಆ ಭೇದ ಯುರೋಪಿನವರಲ್ಲಿ ಇಲ್ಲವೇ ಇಲ್ಲ, ಅಲ್ಲಿ ಎಲ್ಲರಿಗೂ ಆ ಜಾಗದಲ್ಲಿ ಒಂದೇ ಅಕ್ಷರ. ಜಪಾನಿನ ಹೆಣ್ಣಿನಲ್ಲಿ ಇರುವ ಅಪಾಯ ಇಂಗ್ಲೆಂಡಿನ ಹೆಣ್ಣಿನಲ್ಲಿ ಇಲ್ಲ ಎನ್ನಲು ಇನ್ನೇನು ಬೇಕು?

— ಇದು ನನಗೆ ತುಂಬ ಪ್ರಿಯವಾದ ಉದಾಹರಣೆ ಡಾಕ್ಟ್ರೇ, ಯಾಕೆಂದರೆ ಪೂರ್ತಿ ಹೇಳಿದರೆ ಇದೇ ನಿಮ್ಮ ವಾದವನ್ನು ಬಿಡಿಸಿಹಾಕುತ್ತದೆ. ಇಂಥ ಹುಡುಕಾಟದಲ್ಲಿ ಸಾವಿರಾರು ರೋಗಿಗಳ, ಸಾವಿರಾರು ಆರೋಗ್ಯವಂತರ ಡಿಎನ್‌ಎಯಲ್ಲಿ ಲಕ್ಷಾಂತರ ಜಾಗಗಳನ್ನು ಹೋಲಿಸುತ್ತಾರೆ. ಎಲ್ಲಿ ರೋಗಿಗಳಲ್ಲಿ ಒಂದು ಅಕ್ಷರ ಹೆಚ್ಚಾಗಿ ಕಾಣುತ್ತದೋ ಅಲ್ಲಿ ಗುರುತು ಹಾಕುತ್ತಾರೆ. ಆ ಗುರುತು ಸಾಮಾನ್ಯವಾಗಿ ಕಾಯಿಲೆಯ ಕಾರಣವಲ್ಲ, ಕಾರಣ ಹತ್ತಿರದಲ್ಲೆಲ್ಲೋ ಇದೆ ಎನ್ನುವ ಮೈಲಿಗಲ್ಲು. ಡಿಎನ್‌ಎ ತುಂಡುತುಂಡಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದರಿಂದ, ಒಂದು ಜನಸಮುದಾಯದಲ್ಲಿ ಕಾರಣದ ಪಕ್ಕದಲ್ಲಿ ಒಂದು ಮೈಲಿಗಲ್ಲು ನಿಂತಿರುತ್ತದೆ, ಇನ್ನೊಂದರಲ್ಲಿ ಬೇರೆಯೇ ಕಲ್ಲು. ಜಪಾನಿನವರ ಆ ಕಲ್ಲು ಯುರೋಪಿನಲ್ಲಿ ಇಲ್ಲ, ನಿಜ. ಆದರೆ 9ನೇ ಕ್ರೋಮೋಸೋಮಿನ ಅದೇ ಪ್ರದೇಶದಲ್ಲಿ, ಸಿಡಿಕೆಎನ್2ಬಿ-ಎಎಸ್1 ಎಂಬ ಜೀನಿನ ಬಳಿಯೇ, ಯುರೋಪಿನ ಮಹಿಳೆಯರಲ್ಲಿ ಬೇರೊಂದು ಭೇದ ಇದೇ ಕಾಯಿಲೆಗೆ ಅಂಟಿಕೊಂಡಿರುವುದು ಆಮೇಲೆ ತಿಳಿಯಿತು. ಅದೇ ಜಪಾನಿ ಅಧ್ಯಯನದಲ್ಲಿ 1ನೇ ಕ್ರೋಮೋಸೋಮಿನ ಡಬ್ಲ್ಯುಎನ್‌ಟಿ4 ಜೀನಿನ ಹತ್ತಿರ ಒಂದು ಮಂಕಾದ ಸುಳಿವಿತ್ತು. ಭ್ರೂಣದಲ್ಲಿ ಗರ್ಭಕೋಶ, ಅಂಡನಾಳಗಳು ರೂಪುಗೊಳ್ಳಲು ಬೇಕೇ ಬೇಕಾದ ಜೀನು ಅದು. ಮರುವರ್ಷ ಯುರೋಪ್ ಮೂಲದವರ ದೊಡ್ಡ ಅಧ್ಯಯನದಲ್ಲಿ ಆ ಸುಳಿವು ಗಟ್ಟಿಯಾಯಿತು. ಆ ಅಧ್ಯಯನವೇ 7ನೇ ಕ್ರೋಮೋಸೋಮಿನಲ್ಲಿ ಹೊಸ ಜಾಗವೊಂದನ್ನು ತೋರಿಸಿತು. 2012ರಲ್ಲಿ ಎರಡೂ ಕಡೆಯ 4,604 ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದು ಜಪಾನಿನವರಲ್ಲೂ ನಿಂತಿತು. ಅಷ್ಟೇ ಅಲ್ಲ, ಒಂದು ಜನಸಮುದಾಯದಲ್ಲಿ ಅಪಾಯ ಹೆಚ್ಚಿಸುವ ಸಣ್ಣಸಣ್ಣ ಭೇದಗಳ ದೊಡ್ಡ ರಾಶಿ ಇನ್ನೊಂದರಲ್ಲೂ ಅದೇ ದಿಕ್ಕಿಗೆ ವಾಲುತ್ತಿತ್ತು. 2023ರ ಅತಿದೊಡ್ಡ ಅಧ್ಯಯನದಲ್ಲಿ 60,674 ರೋಗಿಗಳು, ಏಳು ಲಕ್ಷಕ್ಕೂ ಮೀರಿದ ಹೋಲಿಕೆಯವರು, ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರು ಇದ್ದರು. ಜೀನೋಮಿನಲ್ಲಿ 42 ಜಾಗಗಳು ಸಿಕ್ಕವು. ಒಂದಿಷ್ಟು ಜಾಗಗಳು ಹಾರ್ಮೋನುಗಳಿಗೆ ಸಂಬಂಧಿಸಿದವು. ಇನ್ನು ಕೆಲವು ನೋವಿನ ಸಂವೇದನೆಗೆ ಸಂಬಂಧಿಸಿದವು, ಮೈಗ್ರೇನ್, ಬೆನ್ನುನೋವಿನ ಜೊತೆ ಬೇರು ಹಂಚಿಕೊಂಡಂಥವು. ಮುಟ್ಟಿನ ರಕ್ತ ಹಿಮ್ಮುಖವಾಗಿ ಅಂಡನಾಳದ ಮೂಲಕ ಹೊಟ್ಟೆಯೊಳಗೆ ಸೇರುವುದು ಶೇ 90ರಷ್ಟು ಹೆಂಗಸರಲ್ಲಿ ನಡೆಯುತ್ತದೆ, ಕಾಯಿಲೆ ಕಾಣುವುದು ಸುಮಾರು ಶೇ 10 ಮಂದಿಯಲ್ಲಿ. ಉಳಿದವರಲ್ಲಿ ಅದು ಕರಗಿಹೋಗಿ, ಇವರಲ್ಲಿ ಯಾಕೆ ಬೇರೂರುತ್ತದೆ ಎಂಬುದೇ ಮೂಲಪ್ರಶ್ನೆ. ಅದಕ್ಕೆ ಈ ಜೀನುಗಳು ಕೊಡುತ್ತಿರುವ ಉತ್ತರ ಟೋಕಿಯೊದಲ್ಲೂ ಲಂಡನ್ನಿನಲ್ಲೂ ಬಹುಮಟ್ಟಿಗೆ ಒಂದೇ.

— ಹಾಗಿದ್ದರೆ ನಿಮ್ಮ ಮಾತಿನಿಂದಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಉತ್ತರ ಎಲ್ಲೆಡೆ ಒಂದೇ ಆದರೆ, ನಮ್ಮ ದೇಶದ ಸಾವಿರಾರು ಹೆಣ್ಣುಮಕ್ಕಳ ರಕ್ತ ತೆಗೆದು ಅದನ್ನೇ ಮತ್ತೆ ಹುಡುಕುವುದಕ್ಕೆ ದುಡ್ಡು ಯಾಕೆ ಸುರಿಯಬೇಕು? ಆ ಹಣದಲ್ಲಿ ಜಿಲ್ಲಾಸ್ಪತ್ರೆಗಳಿಗೆ ಲ್ಯಾಪರೊಸ್ಕೋಪ್ ಕೊಳ್ಳಬಹುದಲ್ಲ.

— ಜಿಲ್ಲಾಸ್ಪತ್ರೆಗೆ ಲ್ಯಾಪರೊಸ್ಕೋಪೋ ಸಂಶೋಧನೆಗೆ ರಕ್ತವೋ ಎಂದು ಒಂದನ್ನೇ ಆರಿಸಬೇಕಾದರೆ ನಾನೂ ಲ್ಯಾಪರೊಸ್ಕೋಪಿನ ಕಡೆಗೇ. ಆದರೆ ಹಾಗೆ ಆರಿಸಬೇಕಾದ ಅಗತ್ಯವಿಲ್ಲ. ನಾನು ಒಂದೇ ಎಂದದ್ದು ಜೀವಕ್ರಿಯೆಯನ್ನು. ಮೈಲಿಗಲ್ಲುಗಳು ಒಂದೇ ಅಲ್ಲ, ಒಂದೊಂದು ಭೇದ ಎಷ್ಟು ಜನರಲ್ಲಿದೆ ಎಂಬ ಪ್ರಮಾಣವೂ ಒಂದೇ ಅಲ್ಲ. ಇದರ ಪರಿಣಾಮವನ್ನು 2019ರಲ್ಲಿ ಅಲಿಸಿಯಾ ಮಾರ್ಟಿನ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಇಂಥ ಜೀನೋಮ್ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ ಆಗ ಸುಮಾರು ಶೇ 79 ಮಂದಿ ಯುರೋಪ್ ಮೂಲದವರು. ಅವರ ಮೇಲೆ ಕಟ್ಟಿದ ಅಂದಾಜನ್ನು ಬೇರೆಯವರಿಗೆ ಹಚ್ಚಿದಾಗ, ಹಲವು ಗುಣಗಳನ್ನು ಸರಾಸರಿ ತೆಗೆದು ನೋಡಿದರೆ, ನಿಖರತೆ ದಕ್ಷಿಣ ಏಷ್ಯಾದವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿಯಿತು, ಪೂರ್ವ ಏಷ್ಯಾದವರಲ್ಲಿ ಅರ್ಧಕ್ಕೆ ಇಳಿಯಿತು, ಆಫ್ರಿಕಾ ಮೂಲದವರಲ್ಲಿ ಕಾಲುಭಾಗಕ್ಕಿಂತ ಕೆಳಗೆ ಹೋಯಿತು. ನಾಳೆ ಯಾವುದೋ ಕಂಪನಿ ಎಂಡೊಮೆಟ್ರಿಯೋಸಿಸ್‌ನ ಜೀನ್ ಟೆಸ್ಟ್ ಎಂದು ಬೆಂಗಳೂರಿನಲ್ಲಿ ಅಂಗಡಿ ತೆರೆದರೆ, ಅದು ಅಳೆಯುವುದು ಬೇರೆಯವರ ಗುರುತುಗಳಿಂದ ಎಂಬುದನ್ನು ನೀವು ಕೇಳಲೇಬೇಕು. ಯುರೋಪಿನವರ ಮಟ್ಟಿಗೂ ಈ ಕಾಯಿಲೆಗೆ ಅಂಥ ಟೆಸ್ಟ್ ಇಂದು ಪ್ರಯೋಜನವಿಲ್ಲ. ಅಷ್ಟು ದೊಡ್ಡ ಅಧ್ಯಯನದ 42 ಜಾಗಗಳೂ ಸೇರಿ ವಿವರಿಸುವುದು ಕಾಯಿಲೆಯ ವ್ಯತ್ಯಾಸದ ಸುಮಾರು ಶೇ 5 ಮಾತ್ರ. ಅವಳಿಗಳ ಶೇ 51ಕ್ಕೂ ಈ ಶೇ 5ಕ್ಕೂ ನಡುವಿನ ಕಂದಕ ತುಂಬಬೇಕಾದರೆ ಇನ್ನೂ ಬಹಳ ಜನ ಬೇಕು, ಬೇರೆಬೇರೆ ಕಡೆಯವರು ಬೇಕು. ಒಂದೆಡೆ ಅಪರೂಪವಾಗಿ ಇನ್ನೊಂದೆಡೆ ಸಾಮಾನ್ಯವಾಗಿರುವ ಭೇದಗಳು ನಿಜವಾಗಿಯೂ ಇವೆ. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರ ಕಳೆದುಹೋದ ರೂಪ ನಮ್ಮ ಉಪಖಂಡದಲ್ಲಿ ಸುಮಾರು ಶೇ 4 ಮಂದಿಯಲ್ಲಿದೆ, ಯುರೋಪಿನವರಲ್ಲಿ ಕಾಣುವುದೇ ಇಲ್ಲವೆನ್ನಬಹುದು. ಅವರನ್ನಷ್ಟೇ ಪರೀಕ್ಷಿಸುತ್ತ ಕೂತಿದ್ದರೆ 2009ರಲ್ಲಿ ಅದರ ಮಹತ್ವ ತಿಳಿಯುತ್ತಲೇ ಇರಲಿಲ್ಲ. ನಮ್ಮ ಹೆಣ್ಣುಮಕ್ಕಳನ್ನು ಸೇರಿಸಿಕೊಂಡರೆ ಸಿಗುವ ಒಂದು ಜೀನು ಜಗತ್ತಿನ ಎಲ್ಲ ಹೆಂಗಸರಿಗೂ ಔಷಧದ ದಾರಿ ತೋರಿಸಬಹುದು.

— ಈಗ ನೀವೇ ನನ್ನ ದಾರಿಗೆ ಬಂದಿರಿ. ಭೇದಗಳು ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಎಂದಿರಿ. ನಮ್ಮಲ್ಲಿ ಅರಿವಳಿಕೆ ಕೊಡುವ ಮುಂಚೆ ರೋಗಿ ವೈಶ್ಯ ಸಮುದಾಯದವರಾ ಎಂದು ಕೇಳುವ ವೈದ್ಯರಿದ್ದಾರೆ, ಕೇಳುವುದು ಸರಿ ಕೂಡ. ಸ್ನಾಯು ಸಡಿಲಿಸುವ ಒಂದು ಔಷಧವನ್ನು ಒಡೆದುಹಾಕುವ ಕಿಣ್ವ ಆ ಸಮುದಾಯದ ಕೆಲವರಲ್ಲಿ ಇರುವುದಿಲ್ಲ, ಗೊತ್ತಿಲ್ಲದೆ ಕೊಟ್ಟರೆ ಉಸಿರೇ ಮರಳದೆ ಹೋಗಬಹುದು. ಅಲ್ಲಿ ಸಮುದಾಯ ಕೇಳುವುದು ವಿಜ್ಞಾನ, ಇಲ್ಲಿ ಕೇಳಿದರೆ ತಪ್ಪು ಎಂದರೆ ಹೇಗೆ? ಜಾತಿಯ ಮಾತು ಬರುತ್ತದೆಂದು ನಾವು ಹಿಂಜರಿಯುತ್ತಿದ್ದೇವೆ ಅಷ್ಟೇ ಅನಿಸುತ್ತದೆ ನನಗೆ.

— ಹಿಂಜರಿಕೆಯಿಂದ ವಿಜ್ಞಾನ ನಡೆಯಬಾರದು, ಆ ಮಾತಿಗೆ ನನ್ನ ಸಹಮತವಿದೆ. 2017ರಲ್ಲಿ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಅವರ ತಂಡ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರಿಶೀಲಿಸಿ, ಅವುಗಳಲ್ಲಿ 81 ಗುಂಪುಗಳು ಬಹಳ ಕಡಿಮೆ ಪೂರ್ವಜರಿಂದ ಬೆಳೆದು ಬಂದವು, ಆ ಗುಣ ಫಿನ್ಲೆಂಡಿನವರಿಗಿಂತ, ಯುರೋಪಿನ ಯಹೂದ್ಯರಿಗಿಂತ ತೀವ್ರ ಎಂದು ತೋರಿಸಿತು. ನೂರಾರು ತಲೆಮಾರುಗಳಿಂದಲ್ಲದಿದ್ದರೂ ಹತ್ತಾರು ತಲೆಮಾರುಗಳಿಂದ ಒಳಗೊಳಗೇ ಮದುವೆಯಾದದ್ದರ ಫಲ ಅದು. ವೈಶ್ಯರ ಕಿಣ್ವದ ಉದಾಹರಣೆ ಇದೇ ಕಥೆಯ ಭಾಗ. ಆದರೆ ಅಲ್ಲಿ ಕೆಡುವುದು ಒಂದು ಜೀನು. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ತೊಂದರೆ, ಇಲ್ಲದಿದ್ದರೆ ಇಲ್ಲ. ಪೂರ್ವಜನೊಬ್ಬನಲ್ಲಿ ಅದು ಇದ್ದು ಸಮುದಾಯ ಚಿಕ್ಕದಿದ್ದರೆ ಪ್ರಮಾಣ ಹತ್ತಾರು ಪಟ್ಟು ಏರುತ್ತದೆ. ಎಂಡೊಮೆಟ್ರಿಯೋಸಿಸ್ ಹಾಗಲ್ಲ. ಇದರಲ್ಲಿ ನೂರಾರು ಭೇದಗಳು ಒಂದೊಂದೂ ಅಪಾಯವನ್ನು ಚೂರುಚೂರೇ ಮೇಲೆ ಕೆಳಗೆ ಮಾಡುತ್ತವೆ. ಚಿಕ್ಕ ಸಮುದಾಯದಲ್ಲಿ ಆಕಸ್ಮಿಕವಾಗಿ ಕೆಲವು ಭೇದ ಹೆಚ್ಚಾದರೆ ಇನ್ನು ಕೆಲವು ಕಡಿಮೆಯಾಗುತ್ತವೆ, ಒಟ್ಟು ಮೊತ್ತ ಅಷ್ಟಾಗಿ ಕದಲುವುದಿಲ್ಲ. 1972ರಲ್ಲಿ ರಿಚರ್ಡ್ ಲೆವಾಂಟಿನ್ ತೋರಿಸಿದಂತೆ ಮನುಷ್ಯರ ಆನುವಂಶಿಕ ವೈವಿಧ್ಯದ ಸುಮಾರು ಶೇ 85 ಯಾವುದೇ ಒಂದು ಜನಸಮುದಾಯದ ಒಳಗೇ ಇದೆ. ಆದ್ದರಿಂದ ಒಂದೇ ಕೇರಿಯ ಇಬ್ಬರು ಹೆಂಗಸರ ನಡುವೆ ಈ ಕಾಯಿಲೆಯ ಆನುವಂಶಿಕ ಅಪಾಯದಲ್ಲಿ ಇರಬಹುದಾದ ಅಂತರ, ಎರಡು ಸಮುದಾಯಗಳ ಸರಾಸರಿಗಳ ಅಂತರಕ್ಕಿಂತ ಬಹಳ ದೊಡ್ಡದು. ಒಂದು ಮಾತು ಬಿಟ್ಟುಕೊಡುತ್ತೇನೆ. ಕೆಲವು ಕುಟುಂಬಗಳಲ್ಲಿ ತಾಯಿ, ಮಗಳು, ಅಕ್ಕತಂಗಿಯರೆಲ್ಲರಿಗೂ ತೀವ್ರವಾಗಿ ಬರುವ ರೂಪವಿದೆ. 2021ರಲ್ಲಿ ಆಕ್ಸ್‌ಫರ್ಡಿನ ತಂಡವೊಂದು ಅಂಥ ಕುಟುಂಬಗಳನ್ನೂ, ಇದೇ ಕಾಯಿಲೆ ತಾನಾಗಿ ಬರುವ ರೀಸಸ್ ಕೋತಿಗಳನ್ನೂ ಪರೀಕ್ಷಿಸಿ ಎನ್‌ಪಿಎಸ್‌ಆರ್1 ಎಂಬ ಜೀನಿನ ಅಪರೂಪದ ಭೇದಗಳನ್ನು ಪತ್ತೆಮಾಡಿತು. ಆ ಜೀನಿನಿಂದ ತಯಾರಾಗುವ ಪ್ರೋಟೀನನ್ನು ತಡೆಯುವ ವಸ್ತು ಇಲಿಗಳಲ್ಲಿ ಉರಿಯೂತವನ್ನೂ ನೋವನ್ನೂ ತಗ್ಗಿಸಿತು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವ ನಮ್ಮ ಕಡೆಯ ಕುಟುಂಬಗಳಲ್ಲಿ ಇಂಥ ಅಪರೂಪದ ಭೇದಗಳನ್ನು ಹುಡುಕುವುದು ಒಳ್ಳೆಯ ಸಂಶೋಧನೆಯಾದೀತು. ಅಲ್ಲಿಯೂ ನಿಮ್ಮ ಕೈಗೆ ಸಿಗುವುದು ಒಂದು ಮನೆತನದ ಭೇದ. ಅದನ್ನು ಇಡೀ ಜಾತಿಯ ಹೆಸರಿಗೆ ಬರೆದರೆ ಮೀಗ್ಸ್ ಮಾಡಿದ್ದನ್ನೇ ಮಾಡಿದ ಹಾಗೆ: ಆ ಜಾತಿಯವಳ ನೋವು ಬೇಗ ನಂಬಿಕೆ ಗಳಿಸುತ್ತದೆ, ಪಕ್ಕದಲ್ಲಿ ಕೂತವಳ ನೋವು ಗ್ಯಾಸ್ಟ್ರಿಕ್ ಆಗುತ್ತದೆ.

— ಅಂದರೆ ಜೀನೋಮ್ ಇಂಡಿಯಾ ಯೋಜನೆ ಇದಕ್ಕೆ ಉತ್ತರ ಕೊಡಬೇಕು. ನಮ್ಮ ದೇಶದ ಹತ್ತು ಸಾವಿರ ಜನರ ಜೀನೋಮ್ ಸಿದ್ಧವಾಗಿದೆಯಲ್ಲ.

— ಅದರ ನೆರವು ಬೇಕು, ಉತ್ತರ ಅದರಲ್ಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಮುಂದಾಳತ್ವ ವಹಿಸಿದ ಆ ಯೋಜನೆ 83 ಸಮುದಾಯಗಳ 10,074 ಜನರ ಜೀನೋಮನ್ನು ಓದಿಸಿತು, 2025ರ ಜನವರಿಯಲ್ಲಿ ಮಾಹಿತಿ ಸಂಶೋಧಕರಿಗೆ ತೆರೆಯಿತು. ನಮ್ಮವರ ಮೈಲಿಗಲ್ಲುಗಳು ಎಲ್ಲೆಲ್ಲಿವೆ ಎಂಬ ನಕ್ಷೆ ಅದು, ಆರೋಗ್ಯವಂತರ ನಕ್ಷೆ. ಯಾರಿಗೆ ಎಂಡೊಮೆಟ್ರಿಯೋಸಿಸ್ ಇದೆ, ಯಾರಿಗಿಲ್ಲ ಎಂಬುದು ಅದರಿಂದ ತಿಳಿಯದು. ಆ ಕೆಲಸಕ್ಕೆ ಮುಂಬೈಯ ಐಸಿಎಂಆರ್ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆ ದೇಶದ ಹಲವು ಕೇಂದ್ರಗಳನ್ನು ಸೇರಿಸಿಕೊಂಡು ಭಾರತದ ಎಂಡೊಮೆಟ್ರಿಯೋಸಿಸ್ ರೋಗಿಗಳ ಲಕ್ಷಣ ಮತ್ತು ಜೀನುಗಳ ಅಧ್ಯಯನಕ್ಕೆ ಕೈಹಾಕಿದೆ. ಅದಕ್ಕೂ ಮುಂಚೆ ನಮ್ಮಲ್ಲಿ ನಡೆದವು ಹೆಚ್ಚಾಗಿ ಒಂದೊಂದೇ ಜೀನನ್ನು ಕೆಲವು ನೂರು ಜನರಲ್ಲಿ ನೋಡಿದ ಸಣ್ಣ ಅಧ್ಯಯನಗಳು. ಬೇರೆ ದೇಶಗಳಲ್ಲೂ ಅಂಥ ಸಣ್ಣ ಅಧ್ಯಯನಗಳ ಫಲಿತಾಂಶ ದೊಡ್ಡ ಅಧ್ಯಯನದ ಎದುರು ನಿಂತದ್ದು ಕಡಿಮೆ. ಇಲ್ಲಿ ನಾನು ತುಂಬ ಒತ್ತಿ ಹೇಳಬೇಕಾದ ಒಂದು ತೊಡಕಿದೆ. ಎಣಿಕೆಯನ್ನು ಕೆಡಿಸಿದ ಆಸ್ಪತ್ರೆಯ ಬಾಗಿಲು ಜೀನಿನ ಅಧ್ಯಯನವನ್ನೂ ಕೆಡಿಸಬಲ್ಲದು. ನಮ್ಮಲ್ಲಿ ಲ್ಯಾಪರೊಸ್ಕೋಪಿ ಹೆಚ್ಚಾಗಿ ಯಾರಿಗೆ ಮಾಡುತ್ತೇವೆ? ಮದುವೆಯಾಗಿ ಮಕ್ಕಳಾಗದೆ ಬಂದವರಿಗೆ, ಚಾಕಲೇಟ್ ಸಿಸ್ಟ್, ಅಂದರೆ ಈ ಕಾಯಿಲೆಯಿಂದ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲ, ದೊಡ್ಡದಾಗಿ ಸ್ಕ್ಯಾನಿಂಗಿನಲ್ಲಿ ಎದ್ದುಕಂಡವರಿಗೆ. ಹದಿನೇಳರ ಹುಡುಗಿ ತಿಂಗಳಿಗೆ ಮೂರು ದಿನ ಕಾಲೇಜು ಬಿಟ್ಟು ಹೊಟ್ಟೆ ಹಿಡಿದು ಮಲಗಿದರೆ ಅವಳನ್ನು ಯಾರೂ ಥಿಯೇಟರಿಗೆ ಕರೆದೊಯ್ಯುವುದಿಲ್ಲ. ಹಾಗಿದ್ದಾಗ ರೋಗಿಗಳೆಂದು ಕೂಡಿಸಿದ ಗುಂಪಿನಲ್ಲಿ ಬಂಜೆತನಕ್ಕೆ ತಳುಕು ಹಾಕಿಕೊಂಡ ಭೇದಗಳು ಮೇಲೇಳಬಹುದು, ನೋವಿನ ಭೇದಗಳು ಕಾಣದೆ ಹೋಗಬಹುದು. ಹೋಲಿಕೆಗೆಂದು ತೆಗೆದುಕೊಂಡ 'ಆರೋಗ್ಯವಂತ'ರಲ್ಲಿ ಪತ್ತೆಯಾಗದ ರೋಗಿಗಳು ಸೇರಿದ್ದರೆ ಸುಳಿವೇ ತೆಳುವಾಗುತ್ತದೆ. ಅದಕ್ಕಾಗಿಯೇ ಲಕ್ಷಣಗಳನ್ನು, ಆಪರೇಷನ್ನಿನಲ್ಲಿ ಕಂಡದ್ದನ್ನು, ರಕ್ತ ತೆಗೆದ ರೀತಿಯನ್ನು ಎಲ್ಲ ದೇಶಗಳಲ್ಲೂ ಒಂದೇ ನಮೂನೆಯಲ್ಲಿ ಬರೆದುಕೊಳ್ಳಬೇಕೆಂದು 2014ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಆ ನಮೂನೆಯನ್ನು ತುಂಬುವುದು ಬೇಸರದ ಕೆಲಸ, ಗೊತ್ತು. ಭಾರತದ ಅಧ್ಯಯನದ ಬೆಲೆ ಮಾತ್ರ ಅದರ ಮೇಲೇ ನಿಂತಿದೆ.

— ಇದೆಲ್ಲ ಮುಗಿಯುವುದಕ್ಕೆ ವರ್ಷಗಳು ಬೇಕು. ನನ್ನ ಹೊರರೋಗಿ ವಿಭಾಗದಲ್ಲಿ ನಾಳೆ ಬೆಳಗ್ಗೆ ಬಂದು ಕೂರುವವಳಿಗೆ ಜನಾಂಗದ ಲೆಕ್ಕ ಬೇಡ, ಸಮುದಾಯದ ಲೆಕ್ಕ ಬೇಡ, ಜೀನಿನ ಟೆಸ್ಟ್ ಬೇಡ ಎಂದರೆ, ಆನುವಂಶಿಕ ಅಪಾಯ ಎಂಬ ಮಾತನ್ನು ನಾನು ಯಾವ ರೀತಿ ಬಳಸಲಿ? ಕೇಸ್ ಶೀಟಿನಲ್ಲಿ ಏನು ಬರೆದುಕೊಳ್ಳಲಿ?

— ಅವಳ ತಾಯಿಯನ್ನು, ಅಕ್ಕತಂಗಿಯರನ್ನು ಬರೆದುಕೊಳ್ಳಿ ಡಾಕ್ಟ್ರೇ. 2002ರಲ್ಲಿ ಐಸ್‌ಲೆಂಡಿನವರು ತಮ್ಮ ಇಡೀ ದೇಶದ ವಂಶಾವಳಿಯ ದಾಖಲೆಯೊಂದಿಗೆ ಆಪರೇಷನ್ನಿನಲ್ಲಿ ಖಾತ್ರಿಯಾದ ರೋಗಿಗಳನ್ನು ತಾಳೆ ನೋಡಿದಾಗ, ರೋಗಿಯ ಸೋದರಿಗೆ ಅಪಾಯ ಐದು ಪಟ್ಟು, ದೊಡ್ಡಪ್ಪ ಚಿಕ್ಕಪ್ಪ, ಅತ್ತೆ ಮಾವಂದಿರ ಹೆಣ್ಣುಮಕ್ಕಳಿಗೆ ಒಂದೂವರೆ ಪಟ್ಟು ಎಂದು ಕಂಡಿತು. ಯಾವ ಜನಾಂಗದ ಅಂಕಿಯೂ ಈ ಐದು ಪಟ್ಟಿನ ಹತ್ತಿರ ಬರುವುದಿಲ್ಲ. ಆದರೆ ಐಸ್‌ಲೆಂಡಿನಲ್ಲಿ ಕಾಯಿಲೆಗೆ ಹೆಸರು ಸಿಕ್ಕಿರುತ್ತದೆ, ನಮ್ಮ ಮನೆಗಳಲ್ಲಿ ಸಿಕ್ಕಿರುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಎಂಡೊಮೆಟ್ರಿಯೋಸಿಸ್ ಇತ್ತೇ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಇಲ್ಲವೆಂದೇ ಹೇಳಿಯಾರು, ನೀವು ಅದನ್ನೇ ಬರೆದುಕೊಳ್ಳುತ್ತೀರಿ. ಬೇರೆ ರೀತಿ ಕೇಳಬೇಕು. ಮುಟ್ಟಾದಾಗ ನಿಮ್ಮಮ್ಮ ಹೊಲಕ್ಕೆ, ಕೆಲಸಕ್ಕೆ ಹೋಗಲಾಗದೆ ಮಲಗುತ್ತಿದ್ದರಾ? ಆ ದಿನಗಳಲ್ಲಿ ಸಂಡಾಸಿಗೆ ಹೋಗುವಾಗ ನೋವು ಎನ್ನುತ್ತಿದ್ದರಾ? ಅಕ್ಕನಿಗೆ ಮಕ್ಕಳಾಗಲು ತಡವಾಯಿತಾ? ಮುಖ್ಯವಾಗಿ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿದ್ದಾರಾ, ಯಾತಕ್ಕೆಂದು ಹೇಳಿದ್ದರು? ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ನೆರೆಯ ಆಂಧ್ರ, ತೆಲಂಗಾಣಗಳಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 8ಕ್ಕಿಂತ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡವರು. ಅವರಲ್ಲಿ ಎಷ್ಟೋ ಮಂದಿಗೆ ಯಾವ ಕಾಯಿಲೆ ಇತ್ತು ಎಂಬ ಚೀಟಿಯೂ ಕೈಯಲ್ಲಿಲ್ಲ. ತಾಯಿಯ ಕೇಸು ಹಾಗೆ ಅಳಿಸಿಹೋಗಿದ್ದರೂ ನೋವಿನ ನೆನಪು ಮಗಳ ಬಳಿ ಇರುತ್ತದೆ. ಅದನ್ನು ಒಂದೆರಡು ಸಾಲಿನಲ್ಲಾದರೂ, ಯಾರಿಗೆ, ಯಾವ ವಯಸ್ಸಿನಲ್ಲಿ ಎಂಬುದರ ಸಮೇತ ಬರೆದಿಡಿ. ನಿಮ್ಮ ಇಡೀ ವಿಭಾಗ ಐದು ವರ್ಷ ಹಾಗೆ ಬರೆದಿಟ್ಟರೆ, ಮುಂದೆ ರಕ್ತದ ಮಾದರಿ ಯಾವ ಕುಟುಂಬಗಳಿಂದ ಕೇಳಬೇಕು ಎಂಬುದು ನಮಗೆ ಅಲ್ಲಿಂದಲೇ ತಿಳಿಯುತ್ತದೆ.